ಷೆಂಗೆನ್ ವೀಸಾ: ಗೆಳೆಯರ ಮನೆಯಲ್ಲೇ ಇರ್ತೀವಿ, ಯಾವ ಪತ್ರ ಬೇಕು? ಸಹಾಯ ಮಾಡಿ

ಎಲ್ಲರಿಗೂ ಶರಣು. ನಾವು ಕಲಬುರಗಿಯವರು. ಬೇಸಿಗೆಯಲ್ಲಿ ನಾನು, ನಮ್ಮ ಮನೆಯವರು ಯುರೋಪಿಗೆ ಹೊರಟಿದ್ದೇವೆ. ಊರು ನೋಡೋದಕ್ಕಿಂತ ಮನೆಯವರ ಹಳೇ ಗೆಳೆಯರನ್ನು ನೋಡೋ ಆಸೆಯೇ ಜಾಸ್ತಿ. ಒಬ್ಬರು ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದಾರೆ, ಇನ್ನೊಬ್ಬರು ಫ್ರಾನ್ಸಿನ ಲಿಯಾನ್‌ನಲ್ಲಿ. ಹೋಟೆಲ್ ಮಾಡಿದರೆ ಮಾತೇ ಬಿಡ್ತೀವಿ ಅಂದಿದ್ದಾರೆ ಇಬ್ಬರೂ. ಶೇಂಗಾ ಹಿಂಡಿ, ಕಡಕ್ ರೊಟ್ಟಿಯ ಲೆಕ್ಕ ಆಗಲೇ ಶುರುವಾಗಿದೆ!

ಷೆಂಗೆನ್ ವೀಸಾ ಅಂದರೆ ಯುರೋಪಿನ ಹಲವು ದೇಶ ಸುತ್ತೋಕೆ ಒಂದೇ ವೀಸಾ. ಜಾಸ್ತಿ ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು, ದಿನ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಇಷ್ಟು ಗೊತ್ತು. ನಾವು ಎರಡೂ ಕಡೆ ಒಂದೊಂದು ವಾರ ಇರ್ತೀವಿ, ಇಳಿಯೋದು ಫ್ರಾಂಕ್‌ಫರ್ಟ್‌ನಲ್ಲಿ. ಹಾಗಾಗಿ ಜರ್ಮನಿಗೇ ಹಾಕುತ್ತೇವೆ. 30,000 ಯೂರೋ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್ ಸಿದ್ಧ. ಲೈಪ್‌ಜಿಗ್‌ನವರು ಸಹಿ ಹಾಕಿದ ಕರೆಪತ್ರ ಕಳಿಸಿದ್ದಾರೆ.

ತೊಡಕು ಲಿಯಾನ್‌ನದು. ಫ್ರಾನ್ಸಿನಲ್ಲಿ ಮನೆಗೆ ಕರೆಯುವವರು ತಮ್ಮೂರ ಪುರಸಭೆಯಲ್ಲಿ 'ಅತೆಸ್ತಾಸಿಯೋಂ ದಾಕ್ಯೋಯ್' ಅನ್ನೋ ಪತ್ರ ಮಾಡಿಸಬೇಕಂತೆ. ಮನೆ ಕಾಗದ, ಆದಾಯದ ದಾಖಲೆ ತೋರಿಸಿ, ಶುಲ್ಕ ಕಟ್ಟಿ, ಆಮೇಲೆ ಮೂಲ ಪ್ರತಿಯನ್ನೇ ನಮಗೆ ಕಳಿಸಬೇಕು. ಪಾಪ, ಚಿಕ್ಕ ಮಗು ಇಟ್ಟುಕೊಂಡು ಅವರು ಎಷ್ಟು ಓಡಾಡ್ತಾರೆ? ಇಲ್ಲಿನ ಏಜೆಂಟ್ ಕೇಳಿದರೆ "ಸುಮ್ನೆ ಹೋಟೆಲ್ ಬುಕಿಂಗ್ ತೋರಿಸಿ, ಆಮೇಲೆ ಕ್ಯಾನ್ಸಲ್ ಮಾಡಿ" ಅಂದ. ಸುಳ್ಳು ಕಾಗದ ಕೊಡೋಕೆ ನಮಗೆ ಮನಸ್ಸಿಲ್ಲ. ವೀಸಾ ಸಹಾಯವಾಣಿಗೆ ಫೋನ್ ಮಾಡಿದರೆ ವೆಬ್‌ಸೈಟಿನಲ್ಲಿದ್ದದ್ದನ್ನೇ ಓದಿ ಹೇಳಿದರು.

ಜರ್ಮನಿ ವೀಸಾ ತಗೊಂಡು ಫ್ರಾನ್ಸಿನಲ್ಲಿ ಗೆಳೆಯರ ಮನೆಯಲ್ಲಿ ಇದ್ದು ಬಂದವರು ಯಾರಾದರೂ ಇದ್ದೀರಾ? ಅರ್ಜಿ ಕೊಡುವಾಗಲೇ ಆ ಪುರಸಭೆ ಪತ್ರ ಕೇಳಿದರಾ, ಇಲ್ಲಾ ಗೆಳೆಯರು ಬರೆದುಕೊಟ್ಟ ಸಾದಾ ಪತ್ರ ಸಾಕಾಯಿತಾ?