ಮಂಗಳೂರಿನಲ್ಲಿ ಮರಣ ನೋಂದಣಿ, ಮಂಜೇಶ್ವರದಲ್ಲಿ ವೋಟು: ತೀರಿಕೊಂಡವರ ಹೆಸರು ತೆಗೆಸುವುದು ಹೇಗೆ?

ಉಪ್ಪಳ ಗೇಟ್:

ಎಲ್ಲರಿಗೂ ನಮಸ್ಕಾರ. ಕೇರಳದ ಮಂಜೇಶ್ವರ ವಿಧಾನಸಭಾ ಕ್ಷೇತ್ರದ ನಮ್ಮ ಬೂತಿನ ವೋಟರ್ ಲಿಸ್ಟನ್ನು ಮನೆಮನೆ ಲೆಕ್ಕದಲ್ಲಿ ಪರಿಶೀಲಿಸುತ್ತಿದ್ದೇವೆ. ತೀರಿಕೊಂಡವರ ಹೆಸರು ಹದಿನಾಲ್ಕು ಸಿಕ್ಕಿದೆ. ಹೆಚ್ಚಿನವರು ಮಂಗಳೂರು, ದೇರಳಕಟ್ಟೆಯ ಆಸ್ಪತ್ರೆಗಳಲ್ಲಿ ಹೋದವರು. ಇಬ್ಬರು ಗಲ್ಫಿನಲ್ಲಿ. ಮೂವರು ಪ್ರಾಯವಾಗಿ ಮನೆಯಲ್ಲೇ ತೀರಿಕೊಂಡು ಸ್ವಂತ ಜಾಗದಲ್ಲೇ ದಹನವಾದವರು, ಅವರ ಮರಣ ಪಂಚಾಯತಿನಲ್ಲಿ ದಾಖಲಾಗಿಯೇ ಇಲ್ಲ. ಇನ್ನೊಂದು ಕಡೆ ಒಂದೇ ಹೆಸರಿನ ಇಬ್ಬರಿದ್ದಾರೆ, ತೀರಿಕೊಂಡವರು ಯಾವ ಕ್ರಮಸಂಖ್ಯೆಯವರು ಎಂದು ನಿಶ್ಚಯವಿಲ್ಲ.

ಮರಣ ಪತ್ರ ಆದ ಮೇಲೆ ಹೆಸರು ತಾನಾಗಿ ಹೋಗುವುದಿಲ್ಲವೇ? ಅರ್ಜಿ ಕೊಡುವುದಾದರೆ ಯಾರು ಕೊಡಬೇಕು? ಮಕ್ಕಳಲ್ಲಿ ಕೆಲವರ ವೋಟು ಈಗ ಮಂಗಳೂರಿನಲ್ಲುಂಟು. ಎಲ್ಲ ಹದಿನಾಲ್ಕನ್ನೂ ಒಬ್ಬರೇ ಒಟ್ಟಿಗೆ ಕೊಟ್ಟರೆ ಆಗುತ್ತದೆಯೇ? ಪಂಚಾಯತ್ ಚುನಾವಣೆಯ ಪಟ್ಟಿಯಿಂದಲೂ ಇದೇ ಅರ್ಜಿಯಲ್ಲಿ ಹೋಗುತ್ತದೆಯೇ? ಬಿಎಲ್‌ಒ (ಬೂತಿನ ವೋಟರ್ ಲಿಸ್ಟ್ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ) ಕೆಲಸ ಗೊತ್ತಿದ್ದವರು ದಯವಿಟ್ಟು ವಿವರವಾಗಿ ತಿಳಿಸಿ.

ಪೆರ್ಲದ ಟೀಚರ್:

ಉಪ್ಪಳ ಗೇಟ್ ಅವರೇ, ನಿಮ್ಮ ಬೂತಿನ ತೊಡಕು ಇಡೀ ಗಡಿಯದ್ದು. ಮರಣ ಎಲ್ಲಿ ಸಂಭವಿಸಿತೋ ಅಲ್ಲೇ ನೋಂದಣಿಯಾಗಬೇಕು, ಸತ್ತವರ ಊರಲ್ಲಿ ಅಲ್ಲ. ಇದು 1969ರ ಜನನ ಮರಣ ನೋಂದಣಿ ಕಾನೂನಿನ ಕ್ರಮ. ಪೈವಳಿಕೆಯವರು ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ದಾಖಲೆ ಹುಟ್ಟುವುದು ಕರ್ನಾಟಕದ ರಿಜಿಸ್ಟರಿನಲ್ಲಿ. ಶವ ಊರಿಗೆ ಬರುತ್ತದೆ, ಕಾಗದ ಬರುವುದಿಲ್ಲ. ಪೈವಳಿಕೆ ಪಂಚಾಯತಿನ ಮರಣ ರಿಜಿಸ್ಟರು ನೋಡಿ ಬಿಎಲ್‌ಒ ಪಟ್ಟಿ ತಯಾರಿಸಿದರೆ ಆ ಹೆಸರು ಅದರಲ್ಲಿ ಇರುವುದೇ ಇಲ್ಲ.

ಚುನಾವಣಾ ಆಯೋಗ ಇನ್ನು ಮುಂದೆ ಮರಣದ ಮಾಹಿತಿಯನ್ನು ಭಾರತದ ರಿಜಿಸ್ಟ್ರಾರ್ ಜನರಲ್ ಅವರಿಂದ ಕಂಪ್ಯೂಟರ್ ಮೂಲಕವೇ ಪಡೆಯುತ್ತೇವೆ ಎಂದು 2025ರ ಮೇ ತಿಂಗಳಲ್ಲಿ ಹೇಳಿತು. ಒಳ್ಳೆಯ ಕ್ರಮ. ಹೆಸರು ತೆಗೆಸುವ ಅರ್ಜಿಯಾದ ಫಾರಂ 7 ಬರುವುದನ್ನು ಕಾಯದೆ ಬಿಎಲ್‌ಒ ಮನೆಗೆ ಹೋಗಿ ವಿಚಾರಿಸಬಹುದು. ಆದರೆ ಹೆಸರು, ವಿಳಾಸ ತಾಳೆಯಾಗದಿದ್ದರೆ ಆ ಮಾಹಿತಿ ಬಂದೂ ಪ್ರಯೋಜನವಿಲ್ಲ, ತಪ್ಪುವುದು ಹೆಚ್ಚಾಗಿ ಅಲ್ಲಿಯೇ. ಮರಣದ ದಿವಸ ಆಸ್ಪತ್ರೆಯ ಕೌಂಟರಿನಲ್ಲಿ ನಿಂತವರು ಯಾರೋ ನೆಂಟರು. ವಿಳಾಸ ಕೇಳಿದರೆ ತೊಕ್ಕೊಟ್ಟಿನದ್ದೋ ಕಂಕನಾಡಿಯದ್ದೋ ಉಳಿದುಕೊಂಡ ಮನೆಯ ವಿಳಾಸ ಹೇಳಿಬಿಡುತ್ತಾರೆ. ಮರಣ ವರದಿಯ ಫಾರಮಿನಲ್ಲಿ ಮರಣದ ಸಮಯದ ವಿಳಾಸಕ್ಕೊಂದು, ಕಾಯಂ ವಿಳಾಸಕ್ಕೊಂದು ಬೇರೆ ಬೇರೆ ಜಾಗವಿದೆ. ಕಾಯಂ ವಿಳಾಸದಲ್ಲಿ ಮನೆ ಹೆಸರು, ಪಂಚಾಯತ್, ಕಾಸರಗೋಡು ಜಿಲ್ಲೆ, 671ರಿಂದ ಶುರುವಾಗುವ ಪಿನ್‌ಕೋಡ್ ಇಷ್ಟು ಇರಲೇಬೇಕು. ಹೆಸರನ್ನು ಬಾಯಲ್ಲಿ ಹೇಳಬೇಡಿ, ವೋಟರ್ ಕಾರ್ಡ್ ತೋರಿಸಿ ಅದರಂತೆಯೇ ಬರೆಸಿ. 'ಐತಪ್ಪ' ಎಂಬ ಹೆಸರು ಮಲಯಾಳಕ್ಕೆ, ಇಂಗ್ಲಿಷಿಗೆ, ಮತ್ತೆ ಕನ್ನಡಕ್ಕೆ ಹೋಗಿ ಬರುವಷ್ಟರಲ್ಲಿ 'ಇತ್ತಪ್ಪ' ಆಗಿರುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಅವರು ಇಬ್ಬರು.

ಆಸ್ಪತ್ರೆಯವರು ಕೊಡುವ ಚೀಟಿ ಮರಣ ಪ್ರಮಾಣಪತ್ರವಲ್ಲ ಎಂಬುದನ್ನೂ ಮನೆಯವರಿಗೆ ತಿಳಿಸಿ. ಆಸ್ಪತ್ರೆಯಿಂದ ವರದಿ ರಿಜಿಸ್ಟ್ರಾರರಿಗೆ ಹೋಗಿ, ನೋಂದಣಿ ಸಂಖ್ಯೆ ಬಿದ್ದ ಮೇಲೆ ಸಿಗುವುದೇ ಪ್ರಮಾಣಪತ್ರ. ಕರ್ನಾಟಕದ್ದಾದರೆ ಇ-ಜನ್ಮ ವೆಬ್‌ಸೈಟಿನಲ್ಲಿ, ಕೇರಳದ ಪಂಚಾಯತಿನದ್ದಾದರೆ ಈಗ ಕೆ-ಸ್ಮಾರ್ಟ್ ವೆಬ್‌ಸೈಟಿನಲ್ಲಿ. ಕೆಲವು ಮನೆಯವರು ರೋಗದ ಹೆಸರು ಹೊರಗೆ ಬೀಳುತ್ತದೆಂದು ಪ್ರತಿ ಕೊಡಲು ಹಿಂಜರಿಯುತ್ತಾರೆ. ಮರಣದ ಕಾರಣವನ್ನು ಪ್ರಮಾಣಪತ್ರದಲ್ಲಿ ನಮೂದಿಸುವುದೇ ಇಲ್ಲ. ಅದನ್ನು ಧೈರ್ಯವಾಗಿ ಹೇಳಿ.

ಇನ್ನು ಫಾರಂ 7. ಅದೇ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿರುವವರು ಮಾತ್ರ ಕೊಡಬಹುದು. ಹಾಗಾಗಿ ಮಂಗಳೂರಿನಲ್ಲಿ ವೋಟಿರುವ ಮಗ ಮಂಜೇಶ್ವರದಲ್ಲಿದ್ದ ಅಮ್ಮನ ಹೆಸರಿಗೆ ಅರ್ಜಿ ಹಾಕಿದರೆ ನಿಲ್ಲುವುದಿಲ್ಲ. ಇಲ್ಲಿ ವೋಟಿರುವ ತಮ್ಮನೋ ಸೊಸೆಯೋ ನೆರೆಯವರೋ ಹಾಕಲಿ. ಯಾರೂ ಇಲ್ಲದಿದ್ದರೆ ಮಗ ಪ್ರಮಾಣಪತ್ರದ ಪ್ರತಿಯನ್ನು ಬಿಎಲ್‌ಒ ಕೈಗೆ ಕೊಟ್ಟರೆ ಸಾಕು, 1950ರ ಜನಪ್ರತಿನಿಧಿ ಕಾನೂನಿನ 22ನೇ ಸೆಕ್ಷನ್ ಪ್ರಕಾರ ಮತದಾರರ ನೋಂದಣಾಧಿಕಾರಿ ಸ್ವಂತವಾಗಿಯೂ ಕ್ರಮ ಕೈಗೊಳ್ಳಬಹುದು. ಅರ್ಜಿಯಲ್ಲಿ ಎರಡು ಕಡೆಯ ವಿವರ ಬೇಕು: ಅರ್ಜಿ ಕೊಡುವವರ ಹೆಸರು, ವೋಟರ್ ಕಾರ್ಡ್ ನಂಬ್ರ, ಮೊಬೈಲ್, ತೀರಿಕೊಂಡವರ ಹೆಸರು, ಕಾರ್ಡ್ ನಂಬ್ರ, ಭಾಗಸಂಖ್ಯೆ, ಕ್ರಮಸಂಖ್ಯೆ. ಕಾರಣದ ಜಾಗದಲ್ಲಿ 'ಮರಣ' ಎಂದು ಗುರುತು ಹಾಕಿ. ಕೆಳಗಿನ ಘೋಷಣೆಯನ್ನು ಓದಿಯೇ ಸಹಿ ಹಾಕಿ. ಗೊತ್ತಿದ್ದೂ ಸುಳ್ಳು ಬರೆದರೆ 31ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಸಜೆ, ದಂಡ ಅಥವಾ ಎರಡೂ.

ಕೊಟ್ಟ ಕೂಡಲೇ ಹೆಸರು ಹೋಗುವುದಿಲ್ಲ. ಬಂದ ಆಕ್ಷೇಪಗಳ, ಎಂದರೆ ಫಾರಂ 7 ಅರ್ಜಿಗಳ ಪಟ್ಟಿಯನ್ನು ಪ್ರಕಟಿಸಿ ಏಳು ದಿನ ಬಿಡಬೇಕು, ಬಿಎಲ್‌ಒ ಸ್ಥಳಕ್ಕೆ ಹೋಗಿ ವರದಿ ಕೊಡಬೇಕು, ಆಮೇಲೆ ಆದೇಶ. ನಾಮಪತ್ರ ಸಲ್ಲಿಕೆಯ ಕೊನೆಯ ದಿನಾಂಕ ಕಳೆದರೆ ಕಾನೂನು ಪ್ರಕಾರ ಪಟ್ಟಿಯಲ್ಲಿ ಒಂದು ಹೆಸರನ್ನೂ ಸೇರಿಸುವ ಹಾಗಿಲ್ಲ, ತೆಗೆಯುವ ಹಾಗೂ ಇಲ್ಲ. ಚುನಾವಣೆ ಘೋಷಣೆಯಾದ ಮೇಲೆ ನೆನಪಾಗುವುದು ಎಂದರೆ ತಡವಾಯಿತು ಎಂದೇ ಅರ್ಥ. ಉತ್ತರಕ್ರಿಯೆ ಮುಗಿದು ಮನೆಯವರು ಬ್ಯಾಂಕು, ಪೆನ್ಶನ್ ಎಂದು ಓಡಾಡುವ ವಾರದಲ್ಲೇ ಇದನ್ನೂ ಸೇರಿಸಿದರೆ ಪ್ರಮಾಣಪತ್ರದ ಪ್ರತಿ ಕೈಯಲ್ಲೇ ಇರುತ್ತದೆ.

ಶಿರಿಯಾ ಹೊಳೆಬದಿ:

ಟೀಚರ್ ಹೇಳಿದ್ದಕ್ಕೆ ಉಳಿದ ಎರಡು ಬಗೆಯನ್ನು ಸೇರಿಸುತ್ತೇನೆ.

ಮನೆಯಲ್ಲಿ ತೀರಿಕೊಂಡವರು: ಮನೆಯ ಯಜಮಾನರು ಪಂಚಾಯತಿಗೆ ತಿಳಿಸಬೇಕು. ನಮ್ಮಲ್ಲಿ ಪಂಚಾಯತ್ ಕಾರ್ಯದರ್ಶಿಯೇ ಮರಣ ರಿಜಿಸ್ಟ್ರಾರ್. 21 ದಿನದೊಳಗಾದರೆ ಖರ್ಚಿಲ್ಲ. 30 ದಿನದವರೆಗೆ ತಡ ಶುಲ್ಕ ಕೊಟ್ಟರೆ ಆಯಿತು. ಒಂದು ವರ್ಷದೊಳಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದರೆ 2023ರ ತಿದ್ದುಪಡಿಯ ನಂತರ ಜಿಲ್ಲಾಧಿಕಾರಿ, ಸಬ್ ಡಿವಿಷನಲ್ ಮ್ಯಾಜಿಸ್ಟ್ರೇಟ್ ಅಥವಾ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಆದೇಶ. ಸ್ವಂತ ಜಾಗದಲ್ಲಿ ದಹನ ಮಾಡಿದಾಗ ಕಾಗದ ಕೇಳುವವರು ಯಾರೂ ಇರುವುದಿಲ್ಲ. ಆಸ್ತಿ ಪಾಲಾಗುವ ಕಾಲಕ್ಕೇ ಮರಣ ಪತ್ರದ ನೆನಪಾಗುವುದು. ಆ ಮೂವರ ನೋಂದಣಿ ಹೇಗೂ ಮಾಡಿಸಿ, ವಾರಸುದಾರರಿಗೆ ಬೇಕೇ ಬೇಕು. ಆದರೆ ವೋಟರ್ ಲಿಸ್ಟಿನ ಕೆಲಸ ಅದಕ್ಕಾಗಿ ಕಾಯಬೇಕಾಗಿಲ್ಲ. ಪ್ರಮಾಣಪತ್ರವಿಲ್ಲದಿದ್ದರೆ ಬಿಎಲ್‌ಒ ಮನೆಯವರ, ನೆರೆಯವರ ಹೇಳಿಕೆ ಬರೆಸಿಕೊಂಡು ಸ್ಥಳ ಪರಿಶೀಲನೆಯ ವರದಿ ಕೊಡುತ್ತಾರೆ. ತೀರಿಕೊಂಡ ದಿನಾಂಕ ಗಟ್ಟಿಯಾಗಿ ಗೊತ್ತಿರಲಿ. ದಹನದ್ದಾದರೆ ಉತ್ತರಕ್ರಿಯೆಯ ಆಮಂತ್ರಣ ಪತ್ರಿಕೆ, ದಫನವಾದರೆ ಮಸೀದಿ ಜಮಾಅತಿನ ಅಥವಾ ಇಗರ್ಜಿಯ ಪುಸ್ತಕ, ಇವುಗಳಿಂದ ದಿನಾಂಕ ಸಿಗುತ್ತದೆ.

ಗಲ್ಫಿನಲ್ಲಿ ತೀರಿಕೊಂಡವರು: ಶವ ಊರಿಗೆ ತಂದು ಮಣ್ಣು ಮಾಡಿದ್ದರೂ ಮರಣ ಸಂಭವಿಸಿದ್ದು ಇಲ್ಲಿ ಅಲ್ಲ. ಆದ್ದರಿಂದ ಪಂಚಾಯತಿನಲ್ಲಿ ಕೇಳಿದರೆ ಪತ್ರ ಸಿಗದು. ಅಲ್ಲಿನ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್ ಮರಣ ನೋಂದಾಯಿಸಿ ಕೊಟ್ಟ ಪತ್ರ ಮನೆಯವರ ಹತ್ತಿರ ಇದೆಯೇ ನೋಡಿ, ಅದರ ಪ್ರತಿ ಫಾರಂ 7ಕ್ಕೆ ಜೋಡಿಸಿ. ಅರಬಿಯಲ್ಲಿರುವ ಸ್ಥಳೀಯ ಪತ್ರ ಮಾತ್ರ ಇದ್ದರೆ ಬಿಎಲ್‌ಒಗೆ ಓದಲು ಬರುವುದಿಲ್ಲ, ಪ್ರಯೋಜನ ಕಡಿಮೆ.

ಒಂದು ವಿನಂತಿ. 'ಗಲ್ಫಿನಲ್ಲಿದ್ದಾರೆ, ವರ್ಷಗಟ್ಟಲೆ ಕಂಡಿಲ್ಲ' ಎನ್ನುವವರನ್ನು ಮರಣದ ಲೆಕ್ಕಕ್ಕೆ ದಯವಿಟ್ಟು ಹಾಕಬೇಡಿ. ಊರಲ್ಲಿಲ್ಲದಿರುವುದು ಬೇರೆ ಕಾರಣ, ಅದರ ವಿಚಾರಣೆಯೂ ಬೇರೆ.

ಉಪ್ಪಳ ಗೇಟ್:

ಟೀಚರಿಗೂ ಹೊಳೆಬದಿಯವರಿಗೂ ತುಂಬಾ ಧನ್ಯವಾದ. ಒಂದೇ ಹೆಸರಿನ ಇಬ್ಬರ ವಿಷಯ ಮಾತ್ರ ಉಳಿಯಿತು. ಇಬ್ಬರೂ ಮೊಹಮ್ಮದ್ ಕುಂಞಿ, ಇಬ್ಬರ ತಂದೆಯೂ ಅಬ್ದುಲ್ಲ. ಪ್ರಮಾಣಪತ್ರದಲ್ಲಿರುವ ಮನೆ ನಂಬ್ರ ಪಟ್ಟಿಯ ಯಾವ ನಂಬ್ರಕ್ಕೂ ಕೂಡಿಬರುವುದಿಲ್ಲ. ಹದಿನಾಲ್ಕೂ ಅರ್ಜಿಗಳನ್ನು ಅಕ್ಷಯ ಕೇಂದ್ರದಲ್ಲಿ (ಆನ್‌ಲೈನ್ ಸೇವಾ ಕೇಂದ್ರ) ಒಬ್ಬರ ಲಾಗಿನ್‌ನಿಂದಲೇ ಹಾಕೋಣ ಎಂದೂ ನಮ್ಮಲ್ಲೊಬ್ಬರು ಹೇಳುತ್ತಿದ್ದಾರೆ.

ಮುಳ್ಳೇರಿಯ ಕ್ರಾಸ್:

ಒಬ್ಬರೇ ಹಾಕುವ ಯೋಚನೆ ಬಿಟ್ಟುಬಿಡಿ. ಒಬ್ಬರಿಂದ ಐದಕ್ಕಿಂತ ಹೆಚ್ಚು ಆಕ್ಷೇಪ ಬಂದರೆ ಅಧಿಕಾರಿ ಬೇರೆಯಾಗಿಯೇ ಪರಿಶೀಲಿಸಬೇಕೆಂಬ ಸೂಚನೆ ಇದೆ. ಅದು ಸರಿಯಾದ ಸೂಚನೆಯೇ. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆನ್‌ಲೈನಿನಲ್ಲಿ 6,018 ಫಾರಂ 7 ಬಂದಿತ್ತು. ಪರಿಶೀಲಿಸಿದಾಗ ಸರಿಯೆಂದು ಕಂಡದ್ದು 24 ಮಾತ್ರ. ಉಳಿದವರು ಊರಲ್ಲೇ ಇದ್ದ ಮತದಾರರು, ಅರ್ಜಿ ಹಾಕಿದ್ದು ಬೇರೆಯವರ ಹೆಸರಲ್ಲಿ. ಆ ವಿವಾದದ ನಂತರ 2025ರ ಸೆಪ್ಟೆಂಬರಿನಿಂದ ಆನ್‌ಲೈನ್ ಅರ್ಜಿಗೆ ಆಧಾರ್ ಒಟಿಪಿಯ ಇ-ಸಹಿ ಬಂದಿದೆ. ಅರ್ಜಿದಾರರ ವೋಟರ್ ಕಾರ್ಡಿನ ಹೆಸರೂ ಆಧಾರಿನ ಹೆಸರೂ ಬೇರೆ ಬೇರೆ ಇದ್ದರೆ ಅಲ್ಲೇ ನಿಲ್ಲುತ್ತದೆ. ಆಯಾ ಮನೆಯವರೇ ಕಾಗದದ ಫಾರಮಿನಲ್ಲಿ ಬರೆದು ಬಿಎಲ್‌ಒಗೆ ಕೊಟ್ಟು ರಶೀದಿ ಪಡೆಯುವುದು ಇದಕ್ಕಿಂತ ಸುಲಭ. ಹದಿನಾಲ್ಕು ಮನೆ, ಹದಿನಾಲ್ಕು ಸಹಿ.

ಒಂದೇ ಹೆಸರಿನ ಇಬ್ಬರ ಬಗ್ಗೆ: ಮನೆ ನಂಬ್ರವನ್ನು ನಂಬಬೇಡಿ. ವಾರ್ಡ್ ವಿಂಗಡಣೆಯಾದಾಗಲೆಲ್ಲ ಪಂಚಾಯತಿನ ಮನೆ ನಂಬ್ರ ಬದಲಾಗುತ್ತದೆ, ವೋಟರ್ ಲಿಸ್ಟಿನಲ್ಲಿ ಹಳೆಯದೇ ಉಳಿದಿರುತ್ತದೆ. ಮೊದಲು ಮನೆ ಹೆಸರು ನೋಡಿ. ಆಮೇಲೆ ಅದೇ ಮನೆಯಡಿ ಯಾರ ಯಾರ ಹೆಸರು ಇದೆ, ಹೆಂಡತಿಯ ಸಾಲಿನಲ್ಲಿ ಗಂಡನೆಂದು ಯಾರಿದ್ದಾರೆ, ಮಕ್ಕಳ ಸಾಲಿನಲ್ಲಿ ತಂದೆ ಯಾರು. ಪ್ರಾಯದಲ್ಲಿ ಎರಡು ಮೂರು ವರ್ಷದ ವ್ಯತ್ಯಾಸ ಸಾಮಾನ್ಯ, ಹತ್ತು ಹದಿನೈದು ವರ್ಷದ್ದಾದರೆ ಬೇರೆ ವ್ಯಕ್ತಿ. ಇಷ್ಟರ ಮೇಲೂ ಗಟ್ಟಿ ಮಾಡುವುದು ವೋಟರ್ ಕಾರ್ಡ್ ನಂಬ್ರ ಮಾತ್ರ. ತೀರಿಕೊಂಡವರ ಕಾರ್ಡನ್ನು ಕಪಾಟಿನಿಂದ ತೆಗೆಸಿ ಮೂರು ಅಕ್ಷರ, ಏಳು ಅಂಕಿ ಒಂದೊಂದಾಗಿ ತಾಳೆ ನೋಡಿ. ಬದುಕಿರುವ ಮೊಹಮ್ಮದ್ ಕುಂಞಿಯವರ ಕಾರ್ಡನ್ನೂ ನೋಡಲೇಬೇಕು. ಆಮೇಲೆಯೇ ಸಹಿ.

ಅಪ್ಪಿತಪ್ಪಿ ಬದುಕಿದ್ದವರ ಹೆಸರು ಹೋದರೆ, ಆದೇಶದ ವಿರುದ್ಧ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಉಂಟು, ಅಲ್ಲೂ ಆಗದಿದ್ದರೆ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ. ಸಮಯವಿದ್ದರೆ ಫಾರಂ 6 ಹಾಕಿ ಹೊಸದಾಗಿ ಸೇರುವುದು ಬೇಗ. ಆದರೆ ಮತದಾನದ ದಿವಸ ಬೂತಿಗೆ ಬಂದ ಮೇಲೆ ಗೊತ್ತಾದರೆ ಎರಡೂ ಪ್ರಯೋಜನಕ್ಕೆ ಬರುವುದಿಲ್ಲ.

ಪೆರ್ಲದ ಟೀಚರ್:

ಮುಳ್ಳೇರಿಯದವರು ಹೇಳಿದ ಕೊನೆಯ ಮಾತಿಗೆ ಸ್ವಲ್ಪ ಸೇರಿಸಬೇಕು. ಮತದಾನದ ದಿನ ಪ್ರಿಸೈಡಿಂಗ್ ಆಫೀಸರರ ಕೈಯಲ್ಲಿ ಎಎಸ್‌ಡಿ ಪಟ್ಟಿ ಇರುತ್ತದೆ, ಎಂದರೆ ಊರಲ್ಲಿಲ್ಲದವರು, ಸ್ಥಳ ಬದಲಿಸಿದವರು, ಮರಣ ಹೊಂದಿದವರು. ಅದರಲ್ಲಿ ಹೆಸರಿರುವುದೂ ಮೂಲ ಪಟ್ಟಿಯಿಂದ ಹೆಸರು ತೆಗೆಯುವುದೂ ಒಂದೇ ಅಲ್ಲ. ಎಎಸ್‌ಡಿಯಲ್ಲಿದ್ದವರು ಬಂದರೆ ಗುರುತು ಚೆನ್ನಾಗಿ ಪರಿಶೀಲಿಸಿ, ಸಹಿಯ ಜೊತೆ ಹೆಬ್ಬೆಟ್ಟನ್ನೂ ತೆಗೆದುಕೊಂಡು ವೋಟು ಹಾಕಲು ಬಿಡುತ್ತಾರೆ. ಪಟ್ಟಿಯಲ್ಲಿ ಅಳಿಸಿದ ಗುರುತು ಬಿದ್ದವರಿಗೆ ಆ ಅವಕಾಶವಿಲ್ಲ. ಸಂಶಯದ ಹೆಸರುಗಳನ್ನು ಎಎಸ್‌ಡಿಗೆ ಸೇರಿಸಲು ಬಿಎಲ್‌ಒಗೆ ಹೇಳಿ, ನಿಶ್ಚಯವಾದದ್ದಕ್ಕೆ ಮಾತ್ರ ಫಾರಂ 7. ಬೇರೆಯವರ ಹೆಸರಲ್ಲಿ ಯಾರಾದರೂ ಬಂದಿದ್ದಾರೆಂದು ಕಂಡರೆ ಪೋಲಿಂಗ್ ಏಜೆಂಟರು ಎರಡು ರೂಪಾಯಿ ಕಟ್ಟಿ ಆಕ್ಷೇಪಿಸಬಹುದು.

ನಮ್ಮ ಕ್ಷೇತ್ರಕ್ಕೆ ಇದು ಚಿಕ್ಕ ವಿಷಯವಲ್ಲ. 2016ರಲ್ಲಿ ಮಂಜೇಶ್ವರದ ಫಲಿತಾಂಶ ನಿಂತದ್ದು 89 ವೋಟಿನ ಅಂತರದಲ್ಲಿ. ತೀರಿಕೊಂಡವರ, ವಿದೇಶದಲ್ಲಿದ್ದವರ ಹೆಸರಲ್ಲಿ ವೋಟು ಬಿದ್ದಿದೆ ಎಂಬ ತಕರಾರು ಹೈಕೋರ್ಟಿಗೆ ಹೋಯಿತು. ಸತ್ತವರೆಂದು ಬರೆಯಲ್ಪಟ್ಟ ಕೆಲವರು ಬದುಕಿದ್ದು ಕೋರ್ಟಿನ ಸಮನ್ಸನ್ನು ತಾವೇ ತೆಗೆದುಕೊಂಡರು. ಆ ಅರ್ಜಿಯನ್ನು ಕೊನೆಗೆ ಹಿಂದಕ್ಕೆ ಪಡೆಯಲಾಯಿತು. ವೋಟರ್ ಲಿಸ್ಟಿನ ಕಳೆದ ವಿಶೇಷ ತೀವ್ರ ಪರಿಷ್ಕರಣೆಯಲ್ಲಿ (ಎಸ್‌ಐಆರ್) ಕೇರಳದ ಕರಡು ಪಟ್ಟಿಯಿಂದ ಹೊರಗುಳಿದ ಸುಮಾರು 24 ಲಕ್ಷ ಹೆಸರುಗಳಲ್ಲಿ ಮರಣದ್ದು ಸುಮಾರು ಆರೂವರೆ ಲಕ್ಷ. ಅಷ್ಟು ದೊಡ್ಡ ಕೆಲಸ ಆದ ಮೇಲೂ ಮರುದಿನದಿಂದಲೇ ಪಟ್ಟಿ ಹಳತಾಗುತ್ತಾ ಹೋಗುತ್ತದೆ.

ಪಂಚಾಯತ್ ಚುನಾವಣೆಯ ಪಟ್ಟಿ ಬೇರೆಯೇ. ಅದು ರಾಜ್ಯ ಚುನಾವಣಾ ಆಯೋಗದ್ದು, ನೋಂದಣಾಧಿಕಾರಿ ಪಂಚಾಯತ್ ಕಾರ್ಯದರ್ಶಿ. ಫಾರಂ 7ರಿಂದ ಅಲ್ಲಿನ ಹೆಸರು ಹೋಗುವುದಿಲ್ಲ, ಅಲ್ಲಿ ತೆಗೆದದ್ದು ಇಲ್ಲಿ ಕಾಣುವುದೂ ಇಲ್ಲ. ಪ್ರಮಾಣಪತ್ರದ ಎರಡು ಪ್ರತಿ ಮಾಡಿಸಿ, ಒಂದನ್ನು ಪಂಚಾಯತಿಗೆ ಬೇರೆ ಅರ್ಜಿಯೊಂದಿಗೆ ಕೊಡಿ. ರೇಶನ್ ಕಾರ್ಡಿನಿಂದ ಹೆಸರು ತೆಗೆಸಿದ್ದು ಈ ಎರಡಕ್ಕೂ ಲೆಕ್ಕಕ್ಕೆ ಬರುವುದಿಲ್ಲ.

ಅರ್ಜಿಯ ರಶೀದಿಯಲ್ಲಿರುವ ಉಲ್ಲೇಖ ಸಂಖ್ಯೆಯನ್ನು ಜೋಪಾನವಾಗಿಡಿ, ಆಯೋಗದ ವೆಬ್‌ಸೈಟಿನಲ್ಲಿ ಸ್ಥಿತಿ ನೋಡಬಹುದು, 1950ಕ್ಕೆ ಫೋನ್ ಮಾಡಿಯೂ ಕೇಳಬಹುದು. ಆದೇಶವಾದ ಮೇಲೆ ಪೂರಕ ಪಟ್ಟಿಯಲ್ಲಿ ತೆಗೆದ ಹೆಸರುಗಳ ಭಾಗ ನೋಡಿ. ಮರಣದಿಂದ ತೆಗೆದದ್ದಕ್ಕೆ ಇಂಗ್ಲಿಷಿನ 'ಇ' ಅಕ್ಷರ, ಸ್ಥಳ ಬದಲಿಸಿದ್ದಕ್ಕೆ 'ಎಸ್' ಇರುತ್ತದೆ. ಮೂಲ ಪಟ್ಟಿಯಲ್ಲಿ ಕ್ರಮಸಂಖ್ಯೆ ಹಾಗೇ ಉಳಿದು ಹೆಸರಿನ ಮೇಲೆ ಅಳಿಸಿದ ಮುದ್ರೆ ಮಾತ್ರ ಬೀಳುತ್ತದೆ, ಹಾಗಾಗಿ 'ಇನ್ನೂ ಹೋಗಿಲ್ಲ' ಎಂದು ಎರಡನೇ ಅರ್ಜಿ ಹಾಕಬೇಡಿ.