ತೀವ್ರ ಹವಾಮಾನ ಎಚ್ಚರಿಕೆ ಕುರಿತ ಪೋಸ್ಟ್‌ಡಾಕ್: ನನ್ನ ಪ್ರಸ್ತಾವ ನಿಲ್ಲುತ್ತಾ?

ಜಯನಗರ_ನಾಲ್ಕನೇ_ಬ್ಲಾಕ್:
ಅಮೆರಿಕದ ಒಕ್ಲಹೋಮದಲ್ಲಿ ತೀವ್ರ ಹವಾಮಾನದ ಅಪಾಯ ಸಂವಹನದ ಮೇಲೆ ಎರಡು ವರ್ಷದ ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ನಂತರದ ಸಂಶೋಧನಾ ಹುದ್ದೆ) ಅರ್ಜಿ ಕರೆದಿದ್ದಾರೆ. ಸಿವಿ, ಎರಡು ಪುಟದ ಪ್ರಸ್ತಾವ, ಮೂವರ ಶಿಫಾರಸು ಪತ್ರ ಬೇಕಂತೆ. ನನ್ನ ಪಿಎಚ್‌ಡಿ ಸಂವಹನದಲ್ಲಿ, ಹವಾಮಾನ ವಿಜ್ಞಾನ ಓದಿಲ್ಲ. ಸದ್ಯದ ಕರಡು: ಬೆಂಗಳೂರಿಗರಲ್ಲಿ ಮಳೆ ಎಚ್ಚರಿಕೆಗಳ ಅರಿವು, 400 ಜನರ ಸಮೀಕ್ಷೆ. ಇದು ಸಾಕಾ? ಅಲ್ಲಿ ಸಿಗದಿದ್ರೆ ಇಲ್ಲೇ ಏನು ದಾರಿ?

ಕೊಡೆ_ಮರೆತವರು:
ಹವಾಮಾನ ವಿಜ್ಞಾನ ಓದಿಲ್ಲ ಅನ್ನೋದು ತೊಂದರೆಯಲ್ಲ, ಇಂಥ ಹುದ್ದೆಗಳಿಗೆ ಸಮಾಜವಿಜ್ಞಾನದವರನ್ನೂ ಹುಡುಕ್ತಾರೆ. ತೊಂದರೆ ಇರೋದು ಪ್ರಶ್ನೆಯಲ್ಲಿ. ಶೇ. ಇಷ್ಟು ಜನಕ್ಕೆ ಗೊತ್ತು, ಇಷ್ಟು ಜನಕ್ಕೆ ಗೊತ್ತಿಲ್ಲ ಅಂತ ತೋರಿಸಿದ್ರೆ ಎಚ್ಚರಿಕೆ ಬರೆಯೋ ಅಧಿಕಾರಿ ನಾಳೆಯಿಂದ ಏನು ಬದಲಿಸಬೇಕು? ಯಾರದೋ ಒಂದು ನಿರ್ಧಾರ ಹಿಡ್ಕೊಳ್ಳಿ. ಏಪ್ರಿಲ್-ಮೇ ಸಂಜೆ ಗುಡುಗು ಮಳೆ ಶುರುವಾದಾಗ ಡೆಲಿವರಿ ಮಾಡೋರು ಅಂಡರ್‌ಪಾಸ್‌ಗೆ ಗಾಡಿ ಇಳಿಸ್ತಾರಾ, ಸುತ್ತು ಹಾಕ್ಕೊಂಡು ಹೋಗ್ತಾರಾ? 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಸತ್ತದ್ದನ್ನ ಒಂದು ಸಾಲಲ್ಲಿ ಹೇಳಿ, ಓದೋರಿಗೆ ಹಿನ್ನೆಲೆ ಸಿಗುತ್ತೆ.

ಯಾವ ಸಂದೇಶವನ್ನ ಪರೀಕ್ಷೆ ಮಾಡ್ತೀರಿ ಅನ್ನೋದನ್ನೂ ಬಿಡಿಸಿ ಬರೀರಿ. ಐಎಂಡಿ (ಭಾರತೀಯ ಹವಾಮಾನ ಇಲಾಖೆ) ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ.ಯಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ. ಅದಕ್ಕಿಂತ ಕೆಳಗಿನ 15.6ರಿಂದ 64.4ರವರೆಗಿನದು ಸಾಧಾರಣ ಮಳೆ. ಹಾಗಾಗಿ 60 ಮಿ.ಮೀ. ಒಂದೇ ಗಂಟೆಯಲ್ಲಿ ಸುರಿದು ಅಂಡರ್‌ಪಾಸ್ ತುಂಬಿದ್ರೂ ದಿನದ ಲೆಕ್ಕದಲ್ಲಿ ಅದು ಸಾಧಾರಣವೇ! ದಿನದ ಯೆಲ್ಲೋ, ಆರೆಂಜ್ ಅಲರ್ಟ್ ಬೇರೆ, ಮುಂದಿನ ಮೂರು ಗಂಟೆಯ ಮುನ್ಸೂಚನೆಯಾದ ನೌಕಾಸ್ಟ್ ಬೇರೆ. ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಕೇಳಿದ್ರೆ ಬರೋ ಉತ್ತರ ಯಾವುದಕ್ಕೆ ಅಂತ ಗೊತ್ತಾಗಲ್ಲ.

ಅಂಕಿ_ಸಂಕಿ:
400 ಎಲ್ಲಿಂದ ಬಂತು ಅಂತ ಊಹಿಸಬಹುದು. ಒಂದು ಶೇಕಡಾವಾರನ್ನ ±5ರ ಅಂತರದಲ್ಲಿ ಅಂದಾಜು ಮಾಡಲು ಬೇಕಾಗೋ 384 ಅದು. ಎರಡು ಸಂದೇಶ ಹೋಲಿಸೋಕೆ ಆ ಲೆಕ್ಕ ನಡೆಯಲ್ಲ. ಬಣ್ಣ ಮಾತ್ರ / ಬಣ್ಣದ ಜೊತೆ ಯಾವ ರಸ್ತೆ ಮುಳುಗಬಹುದು ಅನ್ನೋ ವಿವರ, ಹೀಗೆ ಎರಡು ಗುಂಪು ಮಾಡಿ, ಪರಿಣಾಮ ಚಿಕ್ಕದು (ಗುಂಪುಗಳ ವ್ಯತ್ಯಾಸದ ಅಳತೆ ಡಿ = 0.2) ಅಂದುಕೊಂಡ್ರೆ ಶೇ. 80 ಪವರ್‌ಗೆ (ವ್ಯತ್ಯಾಸ ನಿಜಕ್ಕೂ ಇದ್ರೆ ಅದು ಕಣ್ಣಿಗೆ ಬೀಳೋ ಸಾಧ್ಯತೆ) ಗುಂಪಿಗೆ 394, ಒಟ್ಟು 788 ಜನ. ಸಂದೇಶ ಬಂದ ಸಮಯವನ್ನೂ ಸೇರಿಸಿ 2×2, ಅಂದರೆ ನಾಲ್ಕು ಗುಂಪು, ಮಾಡಿದ್ರೆ ಪ್ರತ್ಯೇಕ ಪರಿಣಾಮಗಳಿಗೆ ಇಷ್ಟೇ ಸಾಕು. ಎರಡರ ಇಂಟರಾಕ್ಷನ್‌ಗೆ (ಒಂದರ ಪರಿಣಾಮ ಇನ್ನೊಂದರಿಂದ ಬದಲಾಗುತ್ತಾ ಅಂತ ನೋಡೋಕೆ) ಮಾತ್ರ ಸಾಲದು, ಎರಡು ಪುಟದಲ್ಲಿ ಆ ಭರವಸೆ ಕೊಡಲೇಬೇಡಿ.

ಇನ್ನೊಂದು ಎಡವೋ ಜಾಗ: ಡೆಲಿವರಿ ಹಬ್‌ನಲ್ಲಿ ನಿಂತವರು ಒಬ್ಬರ ಮೊಬೈಲ್ ಇನ್ನೊಬ್ಬರು ನೋಡ್ತಾರೆ, ಸಂದೇಶಗಳು ಬೆರೆತುಹೋಗುತ್ತೆ. ಅದಕ್ಕೆ ಇಡೀ ಹಬ್‌ಗೆ ಒಂದೇ ಸಂದೇಶ ಕೊಡೋದು ಒಳ್ಳೇದು. ಆದ್ರೆ ಆಗ ಸಂಖ್ಯೆ ಏರುತ್ತೆ. ಹಬ್‌ಗೆ 10 ಜನ, ಐಸಿಸಿ (ಒಂದೇ ಹಬ್‌ನವರ ಉತ್ತರಗಳು ಎಷ್ಟು ಹೋಲುತ್ತವೆ ಅನ್ನೋ ಅಳತೆ) 0.05 ಅಂದ್ರೆ 1 + 9 × 0.05 = 1.45 ಪಟ್ಟು, ಅಂದರೆ ಸುಮಾರು 1,143 ಜನ, 115 ಹಬ್. ಇದನ್ನ ಬಜೆಟ್‌ನಲ್ಲೂ ತೋರಿಸಿ.

"ಸುತ್ತು ಹಾಕ್ತೀರಾ?" ಅಂದ್ರೆ ಎಲ್ಲರೂ ಹೂಂ ಅಂತಾರೆ. ಆರ್ಡರ್ ತಡವಾದ್ರೆ ಸಿಗೋ ಹಣ ಎಷ್ಟು ಕಮ್ಮಿ ಅಂತ ಪ್ರಶ್ನೆಯೊಳಗೇ ಇಟ್ಟು ಕೇಳಿ.

ಜಯನಗರ_ನಾಲ್ಕನೇ_ಬ್ಲಾಕ್:
ತುಂಬಾ ಥ್ಯಾಂಕ್ಸ್. ಆದ್ರೆ ಅವರದ್ದು ಟೊರ್ನಾಡೊ ನಾಡು. ಬೆಂಗಳೂರಿನ ಅಂಡರ್‌ಪಾಸ್ ಅಂದ್ರೆ ನಮಗೇನು ಸಂಬಂಧ ಅಂತ ಅವರಿಗೆ ಅನ್ನಿಸಲ್ವಾ?

ಕೊಡೆ_ಮರೆತವರು:
ಕೊಂಡಿ ನೀವೇ ಹಾಕಿ. ಅಲ್ಲಿ ಟೊರ್ನಾಡೊ ವಾಚ್ ಕೆಲವು ಗಂಟೆ ಮೊದಲು ಬರುತ್ತೆ, ವಾರ್ನಿಂಗ್ ಕೆಲವೇ ನಿಮಿಷ ಮೊದಲು. ಇಲ್ಲಿ ದಿನದ ಅಲರ್ಟ್, ಆಮೇಲೆ ನೌಕಾಸ್ಟ್. ಮೊದಲನೆಯದು ಬಂದು ಏನೂ ಆಗದಿದ್ರೆ ಎರಡನೆಯದನ್ನ ಜನ ನಂಬ್ತಾರಾ? ಎರಡೂ ಕಡೆ ಕೇಳಬಹುದಾದ ಪ್ರಶ್ನೆ ಇದು. ಇಲ್ಲಿ ಒಂದು ಎಚ್ಚರ: ಫಾಲ್ಸ್ ಅಲಾರ್ಮ್ ರೇಶಿಯೊ ಅಂದ್ರೆ ಕೊಟ್ಟ ಎಚ್ಚರಿಕೆಗಳಲ್ಲಿ ಸುಳ್ಳಾದದ್ದು ಎಷ್ಟು ಪಾಲು. ಫಾಲ್ಸ್ ಅಲಾರ್ಮ್ ರೇಟ್ ಅಂದ್ರೆ ಏನೂ ಆಗದ ಸಂದರ್ಭಗಳಲ್ಲಿ ಎಷ್ಟಕ್ಕೆ ಎಚ್ಚರಿಕೆ ಹೋಯ್ತು ಅಂತ. ಇವೆರಡನ್ನ ಅದಲುಬದಲು ಮಾಡಿದ್ರೆ ಸಂದರ್ಶನದಲ್ಲಿ ಅಲ್ಲೇ ಸಿಕ್ಕಿಬೀಳ್ತೀರಿ.

ಯಲಹಂಕ_ಕಡೆ:
ಇಲ್ಲಿನ ದಾರಿ ಬಗ್ಗೆ. ಸಂಶೋಧನೆಗೆ ಹಣ ಕೊಡೋ ಕೇಂದ್ರದ ಸಂಸ್ಥೆ ಎಎನ್‌ಆರ್‌ಎಫ್‌ನ ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್ ವಿಜ್ಞಾನ-ಎಂಜಿನಿಯರಿಂಗ್‌ಗೆ, ಅದಕ್ಕೆ ಮೊದಲೇ ಮಾರ್ಗದರ್ಶಕರ ಒಪ್ಪಿಗೆ ಬೇಕು. ಬರೀ ಸಂವಹನದ ಪ್ರಸ್ತಾವಕ್ಕೆ ಸಮಾಜವಿಜ್ಞಾನ ಸಂಶೋಧನಾ ಮಂಡಳಿ ಐಸಿಎಸ್‌ಎಸ್‌ಆರ್ ಸರಿ. ಮಾರ್ಗದರ್ಶಕರನ್ನ ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಾದ ಐಐಎಸ್‌ಸಿಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರ, ನಿಯಾಸ್, ಏಟ್ರೀಗಳಲ್ಲಿ ಹುಡುಕಿ. ಮಳೆಮಾಪಕಗಳ ದತ್ತಾಂಶಕ್ಕೆ ನಮ್ಮ ಯಲಹಂಕದ ಕೆಎಸ್‌ಎನ್‌ಡಿಎಂಸಿಗೆ (ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ) ಸಂಸ್ಥೆಯ ಲೆಟರ್‌ಹೆಡ್‌ನಲ್ಲೇ ಪತ್ರ ಕೊಡಿ. ಅಮೆರಿಕದ್ದು ಆದ್ರೆ ಜೆ-1 (ವಿನಿಮಯ ಸಂದರ್ಶಕರ) ವೀಸಾ ಇರಬಹುದು, ಹಣ ಸರ್ಕಾರದ್ದಾದ್ರೆ ಎರಡು ವರ್ಷ ತಾಯ್ನಾಡಿಗೆ ಮರಳೋ ಷರತ್ತು ಬೀಳಬಹುದು. ಸಹಿ ಹಾಕೋ ಮುಂಚೆ ಕೇಳ್ಕೊಳ್ಳಿ. ಶಿಫಾರಸು ಕೊಡೋರಿಗೆ ಕರಡನ್ನ ಇವತ್ತೇ ಕಳಿಸಿ, ಹಳೇ ವಿಷಯ ನೆನೆಸ್ಕೊಂಡು ಪತ್ರ ಬರೆದಾರು.