ಚಿತ್ರಗುಪ್ತನಿಗೆ ಸೂಚಿ ಬೇಕಿರಲಿಲ್ಲ

ಗಾಂಧಿ ಬಜಾರಿನ ದರ್ಶಿನಿಯೊಂದರಲ್ಲಿ ಭಾನುವಾರ ಬೆಳಿಗ್ಗೆ ಕಲೆಯುವ ನಮ್ಮ ಮೂವರ ಪೈಕಿ, ಹಳೆಯ ದಾಖಲೆಗಳ ನಡುವೆಯೇ 30 ವರ್ಷ ಸವೆಸಿ ನಿವೃತ್ತರಾದ ರಾಯರಿಗೆ ಕಥೆಗಾರರ ಮೇಲೆ ಬಹುಕಾಲದ ಮುನಿಸು.

“ಸಿನಿಮಾದ ನಾಯಕನು ಪತ್ರಾಗಾರದ ಬಾಗಿಲು ತಳ್ಳಿ ಒಳಹೊಕ್ಕು, ಕೈಗೆ ಸಿಕ್ಕಿದ ಕಟ್ಟನ್ನು ಎಳೆದು, ಉಫ್ ಎಂದು ಧೂಳು ಊದಿದರೆ ಸಾಕು, ಬೇಕಾದ ಪುಟವೇ ತೆರೆದುಕೊಳ್ಳುತ್ತದೆ. ನನ್ನ ಸೇವಾವಧಿಯಲ್ಲಿ ಧೂಳು ಊದಿದವರಿಗೆ ದೊರೆತದ್ದು ಸೀನು ಮಾತ್ರ,” ಎಂದು ಅವರು ಇಡ್ಲಿಯನ್ನು ಚಟ್ನಿಯಲ್ಲಿ ಅದ್ದಿದರು.

ಇದಕ್ಕೆಲ್ಲ ಮೂಲಪುರುಷ ಚಿತ್ರಗುಪ್ತನೇ ಎಂಬುದು ಮೇಷ್ಟ್ರ ವಾದ. ನಾಟಕದ ಯಮಧರ್ಮನು “ಯಾರಯ್ಯಾ ಇವನು?” ಎಂದು ಗುಡುಗುವುದೇ ತಡ, ಲೋಕದ ಸಮಸ್ತ ಜೀವಿಗಳ ಲೆಕ್ಕವಿರುವ ಆ ಹೊತ್ತಗೆಯಿಂದ ಆತ ಸರಿಯಾದ ಪುಟವನ್ನು ತೆಗೆದುಬಿಡುತ್ತಾನೆ, ಸೂಚಿಯಿಲ್ಲ, ಕ್ರಮಸಂಖ್ಯೆಯಿಲ್ಲ, ಬೇಡಿಕೆ ಚೀಟಿಯಂತೂ ಇಲ್ಲವೇ ಇಲ್ಲ.

“ಆದ್ದರಿಂದಲೇ ಹಾಸ್ಯನಾಟಕಗಳಲ್ಲಿ ಆಗಾಗ ತಪ್ಪು ಆಸಾಮಿಯ ಪ್ರಾಣ ಹೋಗುವುದು,” ಎಂದರು ರಾಯರು.

ಜೋಸೆ ಸರಮಾಗೋ ಅವರ 1997ರ ‘ಆಲ್ ದ ನೇಮ್ಸ್’ ಕಾದಂಬರಿಯನ್ನು ನಾನು ನೆನಪಿಸಿದೆ. ಅಲ್ಲಿನ ನೋಂದಣಿ ಕಚೇರಿಯಲ್ಲಿ, ಸತ್ತವರ ದಾಖಲೆಗಳ ವಿಭಾಗಕ್ಕೆ ಹೊಕ್ಕು ದಾರಿ ತಪ್ಪಿದ ಸಂಶೋಧಕನೊಬ್ಬನು ಹಳೆಯ ಕಾಗದಗಳನ್ನೇ ತಿಂದು ಜೀವ ಉಳಿಸಿಕೊಂಡು ಒಂದು ವಾರದ ಮೇಲೆ ಸಿಕ್ಕುತ್ತಾನೆ. ಅಂದಿನಿಂದ ಒಳಹೋಗುವವರು ದಾರ ಬಿಟ್ಟುಕೊಂಡೇ ಹೋಗಬೇಕೆಂದು ಆಜ್ಞೆಯಾಗುತ್ತದೆ. ರಾಯರ ಮುಖ ಅರಳಿತು. ಗೆದ್ದಲಿನ ಕೆಲಸವನ್ನು ಸಂಶೋಧಕರೂ ಮಾಡಬಲ್ಲರೆಂದು ತಿಳಿದವನೇ ನಿಜವಾದ ಲೇಖಕನೆಂದು ಅವರು ಅಲ್ಲಿಯೇ ಪ್ರಶಸ್ತಿ ಕೊಟ್ಟುಬಿಟ್ಟರು.

“ಆ ಸಂಶೋಧಕನಿಗೆ ನಮ್ಮ ಹಿಂದಿನ ಕಾಲದ ಕಡತ ಸಿಕ್ಕಿದ್ದರೆ ಇನ್ನೂ ಒಂದು ವಾರ ಬದುಕುತ್ತಿದ್ದ,” ಎಂದರು ಮೇಷ್ಟ್ರು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದದ್ದೇ ಮೂಲದ ಕಡತ. ಒರೆಸಿದರೆ ಬರಹ ಹೋಗುತ್ತಿತ್ತು. ಇದು ಕೆಲವು ಲೆಕ್ಕಿಗರಿಗೆ ಎಷ್ಟು ಅನುಕೂಲವಾಗಿತ್ತೋ!

ಒರೆಸುವ ಮಾತಿನಿಂದ ನನಗೆ 2002ರ ‘ಅಟ್ಯಾಕ್ ಆಫ್ ದ ಕ್ಲೋನ್ಸ್’ ಸಿನಿಮಾ ನೆನಪಾಯಿತು. ಗ್ರಹವೊಂದನ್ನು ಹುಡುಕಿ ಬಂದ ನಾಯಕನಿಗೆ ಅಲ್ಲಿನ ವೃದ್ಧ ದಾಖಲೆಪಾಲಕಿ, ನಮ್ಮ ದಾಖಲೆಯಲ್ಲಿ ಇಲ್ಲದ್ದು ಲೋಕದಲ್ಲಿಯೇ ಇಲ್ಲವೆಂದು ಹೇಳಿ ಕಳುಹಿಸುತ್ತಾಳೆ. ಯಾರೋ ಅದನ್ನು ಅಳಿಸಿರುತ್ತಾರೆ. ಆಕೆಯನ್ನು ಗರ್ವಿಯೆಂದು ನಾನು ಜರೆದದ್ದು ಸ್ವಾನುಭವದಿಂದ. ಒಂದು ಕಚೇರಿಯಲ್ಲಿ ನಾಲ್ಕು ದಿನ ಕಾದ ಮೇಲೆ ನನ್ನ ಚೀಟಿ ‘ದೊರೆಯಲಿಲ್ಲ’ ಎಂಬ ಷರಾದೊಂದಿಗೆ ಹಿಂದಿರುಗಿತ್ತು. ಬಯಸಿದ ಕಟ್ಟು ಮಾತ್ರ, ಲಾಡಿ ಕಟ್ಟಿದಂತೆಯೇ, ಯಾರದೋ ಊಟದ ಡಬ್ಬಿಗೆ ಮಣೆಯಾಗಿ ನನ್ನೆದುರೇ ಇತ್ತು.

“ಆಕೆ ಸೂಚಿಯನ್ನು ನಂಬಿದವಳು, ಗರ್ವಿಯಲ್ಲ,” ಎಂದು ರಾಯರು ಪಕ್ಷ ವಹಿಸುತ್ತಿದ್ದಾಗ, ಕಾಫಿ ತರಲು ಹೋಗಿದ್ದ ಮೇಷ್ಟ್ರು ಬರಿಗೈಯಲ್ಲಿ ಮರಳಿ ಜೇಬುಗಳನ್ನು ತಡಕತೊಡಗಿದರು.

“ಚೀಟಿ ಇಲ್ಲದಿದ್ದರೆ ಕಾಫಿಯೂ ಇಲ್ಲವಂತೆ,” ಎಂದರು.

ಅದು ಅವರ ಇಡ್ಲಿ ತಟ್ಟೆಯ ಅಡಿಯಲ್ಲಿ ಚಟ್ನಿಯಲ್ಲಿ ನೆನೆಯುತ್ತಿತ್ತು. ರಾಯರು ಅದನ್ನು ಎರಡೇ ಬೆರಳುಗಳಿಂದ ಅಂಚು ಹಿಡಿದು ಎತ್ತಿ, ಊದದೆ, ಕರವಸ್ತ್ರದ ಮೇಲೆ ಒಣಗಲು ಹರಡಿದರು.